ಇಲಿಗಿಡುಗ ಕೂತ ಕಂಬ

ಪಟ್ಟಣದ ಆಸ್ಪತ್ರೆಯಿಂದ
29 ಏಪ್ರಿಲ್ 1934

ಪೋಲಾ,

ಅಂಗಾತ ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಎಡಗಾಲಿಗೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಹಗ್ಗ ಕಟ್ಟಿ, ಹಗ್ಗದ ತುದಿಗೆ ಮರಳಿನ ಚೀಲ ನೇತುಹಾಕಿದ್ದಾರೆ. ಸಂತೆಗೆ ಹೊರಟ ಹಂದಿಯನ್ನೂ ಯಾರೂ ಹೀಗೆ ಕಟ್ಟುವುದಿಲ್ಲ.

ಎಲ್ಲ ಆ ಸಿಪ್ರಿಯಾನನಿಂದ. "ಗೂಡಲ್ಲಿ ಮೂರು ಮೊಟ್ಟೆ ಅವೆ, ಪಂತ ಕಟ್ತೀಯೇನೋ?" ಅಂದ. ನಮ್ಮ ಹೊಲದಂಚಿನ ಬೀಚ್ ಮರ, ಆರು ವರ್ಷದಿಂದ ನಾನು ಕಣ್ಣಿಟ್ಟು ಕಾದ ಇಲಿಗಿಡುಗದ ಗೂಡು, ಅದರ ಲೆಕ್ಕವನ್ನು ಬೇಲಿಯಾಚೆಯವನು ಬಂದು ನನಗೆ ಹೇಳಬೇಕೆ? ಎರಡೇ ಎಂದೆ. ಒಂದು ಬಾಟಲಿ ಪ್ಲಮ್ ಸಾರಾಯಿಗೆ ಪಂತ ಕಟ್ಟಿದೆ, ಹತ್ತಿದೆ. ಎಣಿಸುವ ಮೊದಲೇ ಕೊಂಬೆ ಮುರಿಯಿತು. ಮರಿ ಹಾರುವಾಗ ಎರಡೋ ಮೂರೋ ಗೊತ್ತಾಗುತ್ತದೆ, ಪಂತ ಇನ್ನೂ ನಿಂತಿದೆ.

ಈ ವರ್ಷ ಇಲಿಗಳ ಕಾಟ ಹೆಚ್ಚು. ಅಡ್ಡಪಟ್ಟಿ ಬಡಿದ ಕಂಬಗಳನ್ನು ಬೇಗ ಕ್ಲೋವರ್ ಮೇವಿನ ಹೊಲದಲ್ಲಿ ನೆಡಿಸು. ಕಂಬವಿಲ್ಲದಿದ್ದರೆ ಹಕ್ಕಿ ಕೂರುವುದಿಲ್ಲ, ಹಕ್ಕಿ ಕೂರದಿದ್ದರೆ ಇಲಿಗಳು ಬೇರನ್ನೇ ತಿಂದು ಮುಗಿಸುತ್ತವೆ. ಕಂಬಗಳು ಕೊಟ್ಟಿಗೆಯ ಅಟ್ಟದ ಮೇಲಿವೆ. ಗುಂಡಿ ತೋಡಲು ನಿನ್ನ ಅಣ್ಣನನ್ನು ಕರೆ. ಸಿಪ್ರಿಯಾನನನ್ನು ಕರೆಯಬೇಡ.

ನಾಳೆ ರಾತ್ರಿ ಊರಿನ ಹುಡುಗರು ತಾವು ಮೆಚ್ಚಿದ ಹುಡುಗಿಯರ ಬಾಗಿಲ ಮುಂದೆ ರಿಬ್ಬನ್ ಕಟ್ಟಿದ ಮೇ ಕಂಬ ನಿಲ್ಲಿಸುತ್ತಾರೆ. ನಮ್ಮ ಮದುವೆಗೆ ಮೊದಲು ಆ ವರ್ಷ ನಿನ್ನ ಬಾಗಿಲ ಮುಂದೆ ಎರಡು ನಿಂತಿದ್ದವು, ನನ್ನದೊಂದು, ಅವನದೊಂದು. ಅವನದು ಎತ್ತರವಾಗಿತ್ತು. ನಾನು ಮರೆತಿದ್ದೇನೆಂದು ನೀನು ತಿಳಿದುಕೊಂಡಿರಬಹುದು. ಮರೆತಿಲ್ಲ. ಅವನು ಇನ್ನೂ ಮದುವೆಯಾಗದೆ ಕೂತಿದ್ದಾನೆ ಎಂಬುದನ್ನೂ ಮರೆತಿಲ್ಲ.

ನಿನ್ನ
ಅಂಬ್ರೋಜ್


9 ಮೇ 1934

ಅಂಬ್ರೋಜ್,

ಗಾದಿಯ ಮೇಲೆ ಮಲಗಿಕೊಂಡು ಅಪ್ಪಣೆ ಕೊಡುವುದು ನಿನಗೆ ಚೆನ್ನಾಗಿ ಒಗ್ಗಿದೆ. ಅಣ್ಣ ಆಲೂಗಡ್ಡೆ ಬಿತ್ತನೆಯಲ್ಲಿದ್ದಾನೆ, ಅವನಿಗೆ ಅವನದೇ ಆಗಿದೆ. ಕಂಬಗಳನ್ನು ಒಬ್ಬಳೇ ಹೊತ್ತು ಹೊಲಕ್ಕೆ ಒಯ್ದೆ. ಹಾರೆ ಹಿಡಿದು ನಿಂತಿದ್ದಾಗ ಸಿಪ್ರಿಯಾನನೇ ಬೇಲಿ ದಾಟಿ ಬಂದ.

"ನಿನ್ನ ಗಂಡ ಬಿದ್ದಿದ್ದು ನನ್ನ ಬಾಯಿಂದ. ಗುಂಡಿ ನಾನು ತೋಡ್ತೀನಿ, ಬಿಡು" ಅಂದ.

"ಅವನಿಗೆ ಗೊತ್ತಾದ್ರೆ ಇನ್ನೊಂದು ಕಾಲೂ ಮುರ್ಕೊಂಡು ಓಡಿ ಬರ್ತಾನೆ" ಅಂದೆ.

"ಬರ್ಲಿ, ಒಬ್ನೇ ಕುಡಿದು ಕುಡಿದು ಬೇಜಾರಾಗಿದೆ" ಅಂದ. ನಕ್ಕೆ. ನಕ್ಕದ್ದನ್ನೂ ಬರೆಯುತ್ತಿದ್ದೇನೆ, ಆಮೇಲೆ ಮುಚ್ಚಿಟ್ಟಳೆಂದು ಹೇಳಬೇಡ.

ಹೆಣ್ಣು ಕಾವಿಗೆ ಕೂತಿದೆ. ಕೆಳಗಿನಿಂದ ಬಾಲದ ತುದಿ ಮಾತ್ರ ಕಾಣುತ್ತದೆ. ಎದೆ ಬಿಳಿಯಿರುವ ನಮ್ಮ ಗಂಡು ಬೆಳಿಗ್ಗೆ ಎಳೆ ಚಿಗುರಿನ ರೆಂಬೆಯೊಂದನ್ನು ಕಿತ್ತು ತಂದು ಗೂಡಿನ ಅಂಚಿಗೆ ಸಿಕ್ಕಿಸಿ ಹೋಗುತ್ತದೆ. ಗೂಡು ಕಟ್ಟಿ ಮುಗಿದು ತಿಂಗಳಾಯಿತು, ಆದರೂ ತರುತ್ತದೆ. ನಮ್ಮ ಮದುವೆಯಾದ ಮೇಲೆ ನೀನು ಮನೆಗೆ ಒಂದು ಹಸಿರು ಕಡ್ಡಿ ತಂದದ್ದು ನನಗೆ ನೆನಪಿಲ್ಲ, ಸೌದೆ ಬಿಟ್ಟರೆ.

ನೀನು ಕೇಳಿಯೇ ಕೇಳುತ್ತೀಯ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಹಕ್ಕಿ ನಮ್ಮ ಕಂಬದ ಮೇಲೆ ಕೂರುತ್ತಿಲ್ಲ. ಸಿಪ್ರಿಯಾನನ ಹುಲ್ಲುಗಾವಲಿನ ಕಂಬದ ಮೇಲೆ ಕೂರುತ್ತಿದೆ.

ಅಪೋಲೆನಾ


16 ಮೇ 1934

ಪೋಲಾ,

ನಿನ್ನ ಕಾಗದ ಓದಿ ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಆರು ವರ್ಷ ಅದು ನನ್ನ ಕಂಬದ ಮೇಲೆ ಕೂತಿದೆ. ಮಳೆಯಲ್ಲಿ ರೆಕ್ಕೆ ಇಳಿಬಿಟ್ಟುಕೊಂಡು, ಹಿಮದಲ್ಲಿ ಗರಿ ಉಬ್ಬಿಸಿಕೊಂಡು, ಗೊಬ್ಬರದ ಗಾಡಿ ಪಕ್ಕದಲ್ಲೇ ಹೋದರೂ ಕದಲದೆ. ಊರವರೆಲ್ಲ ಅದನ್ನು ಮೈಗಳ್ಳ ಎಂದು ನಗುತ್ತಿದ್ದರು. ಸಿಪ್ರಿಯಾನನೂ ನಗುತ್ತಿದ್ದ. ಈಗ ಅವನ ಕಂಬ ರುಚಿಸಿತೇ?

ಅದು ಅವನ ಮುಖ ನೋಡಿ ಹೋದದ್ದಲ್ಲ, ತಿಳಿದುಕೋ. ಅವನ ಗಾವಲನ್ನು ದನ ಮೇಯ್ದು ಬೋಳು ಮಾಡಿವೆ. ಹುಲ್ಲು ಗಿಡ್ಡವಿದ್ದಲ್ಲಿ ಇಲಿ ಓಡಿದ್ದು ಕಾಣುತ್ತದೆ. ನಮ್ಮ ಕ್ಲೋವರ್ ಮೊಣಕಾಲೆತ್ತರ ಬೆಳೆದಿರಬೇಕು, ಅದರಡಿಯಲ್ಲಿ ಇಲಿ ಮದುವೆ ದಿಬ್ಬಣ ಹೊರಡಿಸಿದರೂ ಮೇಲಿನಿಂದ ಕಾಣುವುದಿಲ್ಲ. ಬೇಟೆಗೆ ಕೂರುವ ಹಕ್ಕಿ ಕತ್ತರಿಸಿದ ನೆಲದ ಮೇಲೆಯೇ ಕೂರುತ್ತದೆ. ಕಂಬ ಯಾರದೆಂದು ಅದು ನೋಡುವುದಿಲ್ಲ.

ಇಷ್ಟೆಲ್ಲ ನಾನು ಇಲ್ಲಿ ಸಿಸ್ಟರ್ ಜೆಲ್ಮೀರಾಗೂ ಹೇಳಿದೆ. ಕಣ್ಣರಳಿಸಿ ಕೇಳಿದಳು. ಪಟ್ಟಣದ ಹುಡುಗಿ, ಗಿಡುಗಕ್ಕೂ ಕೋಳಿಗೂ ವ್ಯತ್ಯಾಸ ಗೊತ್ತಿಲ್ಲ, ಆದರೆ ಕೇಳುವ ಮನಸ್ಸಿದೆ. ದಿನ ಬಿಟ್ಟು ದಿನ ಅವಳೇ ನನಗೆ ಗಡ್ಡ ಹೆರೆಯುತ್ತಾಳೆ. "ನೀವು ಮಾತಾಡ್ತಾ ಇರಿ, ಕೆನ್ನೆ ತಾನಾಗೇ ಬಿಗಿಯಾಗುತ್ತೆ" ಅನ್ನುತ್ತಾಳೆ. ಕೈ ಬಹಳ ಮೆದು.

ಅವನ ಜೊತೆ ನಗುವ ಅಗತ್ಯವಿರಲಿಲ್ಲ.

ಅಂಬ್ರೋಜ್


3 ಜೂನ್ 1934

ಅಂಬ್ರೋಜ್,

ಯಾರು ಆ ಜೆಲ್ಮೀರಾ? ನಾನು ಗಡ್ಡಕ್ಕೆ ಕತ್ತಿ ತಂದರೆ "ದೂರ ಹೋಗೇ, ಕುತ್ತಿಗೆ ಕೊಯ್ತೀಯ" ಅನ್ನುತ್ತಿದ್ದವನು ನೀನು. ಅವಳ ಕೈ ಮೆದುವಾಗಿರದೆ ಇನ್ನೇನು, ಅವಳು ಸಗಣಿ ಬಾಚುತ್ತಾಳೆಯೇ?

ಮರಿಗಳು ಹೊರಬಂದಿವೆ. ಗೂಡಿನ ಅಂಚಿನಲ್ಲಿ ಬಿಳಿ ತುಪ್ಪಳ ಕಾಣುತ್ತದೆ, ಎಷ್ಟು ಎಂದು ಕಾಣುವುದಿಲ್ಲ. ಎಣಿಸಲು ಯಾರನ್ನೂ ಹತ್ತಿಸುವುದಿಲ್ಲ, ಮನೆಗೊಂದು ಮುರಿದ ಗಂಡು ಸಾಕು. ಹೆಣ್ಣು ಮರಿಗಳನ್ನು ಬಿಟ್ಟು ಏಳುವುದಿಲ್ಲ. ಗಂಡು ಇಲಿ ತಂದು ಅಂಚಿನಲ್ಲಿಟ್ಟು ಹೋಗುತ್ತದೆ, ಅವಳು ಹರಿದು ಹರಿದು ತಿನ್ನಿಸುತ್ತಾಳೆ.

ಊರಿಗೆಲ್ಲ ಹುಲ್ಲು ಕೊಯ್ಲಿನ ಗಡಿಬಿಡಿ. ಸಂಜೆ ಮನೆ ಮನೆಯ ಅಂಗಳದಲ್ಲೂ ಗಂಡಸರು ಕುಡುಗೋಲಿನ ಅಲಗನ್ನು ಸುತ್ತಿಗೆಯಿಂದ ತಟ್ಟಿ ಹಣಿದು ಹರಿತ ಮಾಡುವ ಸದ್ದು. ನಮ್ಮ ಅಂಗಳ ಮಾತ್ರ ಸುಮ್ಮನಿದೆ. ಮೊನ್ನೆ ಹಾದು ಹೋದ ಪಾದ್ರಿಗಳು ಕೂಡ "ಅಂಬ್ರೋಜನ ಸುತ್ತಿಗೆ ಇಲ್ದೆ ಏನೋ ಕಡಿಮೆ ಅನಿಸ್ತದಮ್ಮ" ಅಂದರು.

ನಿನಗೆ ಸಮಾಧಾನವಾಗುವ ಒಂದು ಸುದ್ದಿ. ಹಕ್ಕಿ ನಮ್ಮ ಕಂಬಕ್ಕೆ ಮರಳಿದೆ. ಬೆಳಕು ಹರಿದಾಗಿನಿಂದ ಅಲ್ಲೇ. ಇನ್ನಾದರೂ ಗಂಜಿ ಕುಡಿ.

ಅಪೋಲೆನಾ


10 ಜೂನ್ 1934

ಅಪೋಲೆನಾ,

ಸಮಾಧಾನದ ಸುದ್ದಿಯಂತೆ. ಒಂದು ಕ್ಷಣ ನಾನೂ ಹಿಗ್ಗಿದೆ. ಆಮೇಲೆ ಮರಳಿನ ಚೀಲ ನೋಡುತ್ತಾ ಯೋಚಿಸಿದೆ. ಇಲ್ಲಿ ಯೋಚಿಸುವುದು ಬಿಟ್ಟು ಬೇರೆ ಕೆಲಸವಿಲ್ಲ.

ಹಕ್ಕಿ ನಮ್ಮ ಕಂಬದ ಮೇಲೆ ಬೆಳಗಿನಿಂದ ಕೂರುತ್ತಿದೆ ಎಂದರೆ ಕಂಬದ ಕೆಳಗಿನ ಕ್ಲೋವರ್ ಕೊಯ್ದಾಗಿದೆ. ಕೈಗುಡುಗೋಲಿನಲ್ಲಿ ನೀನು ಹಸುವಿಗೊಂದು ಬುಟ್ಟಿ ತುಂಬಿಸಬಹುದು, ಹಕ್ಕಿಗೆ ಇಲಿ ಕಾಣುವಷ್ಟು ಬಯಲು ಮಾಡಲಾರೆ. ಅದಕ್ಕೆ ನಿಂತು ಬೀಸುವ ದೊಡ್ಡ ಕುಡುಗೋಲು ಬೇಕು. ಆ ಕುಡುಗೋಲು ನಮ್ಮ ಮನೆಯಲ್ಲಿ ನಾನೊಬ್ಬನೇ ಹಿಡಿಯುವುದು. ನೀನು ನನ್ನ ಹಿಂದೆ ಹುಲ್ಲು ಬಾಚುವವಳು, ಬೀಸುವವಳಲ್ಲ.

ಹಾಗಾದರೆ ಯಾರು ಬೀಸಿದ್ದು? ಇಬ್ಬನಿ ಆರುವ ಮೊದಲು ಕೊಯ್ಯಬೇಕು, ಅಂದರೆ ಸೂರ್ಯ ಹುಟ್ಟುವ ಹೊತ್ತಿಗೆ ಅವನು ನಮ್ಮ ಹೊಲದಲ್ಲಿ ಇರುತ್ತಾನೆ. ಕೊಯ್ದವನಿಗೆ ಹಸಿವಾಗುತ್ತದೆ. ನೀನು ರೊಟ್ಟಿ, ಕುರಿಹಾಲಿನ ಗಿಣ್ಣು ಒಯ್ದು ಕೊಡುತ್ತೀಯ. ಬದುವಿನ ಮೇಲೆ ಕೂತು ತಿನ್ನುತ್ತಾನೆ. ನಾನು ಕೂರುತ್ತಿದ್ದ ಜಾಗದಲ್ಲಿ.

ನೀನು ಒಂದೂ ಮಾತು ಬರೆದಿಲ್ಲ. ಹಕ್ಕಿ ಎಲ್ಲ ಹೇಳಿತು. ಅವನ ಕೈಯಲ್ಲಿ ನನ್ನ ಕುಡುಗೋಲು ಇತ್ತೇ, ಅವನದೇ ಇತ್ತೇ, ಅದೊಂದನ್ನು ತಿಳಿಸು. ನನ್ನದಾಗಿದ್ದರೆ ಹೆಚ್ಚು ನೋವು.

ಅಂಬ್ರೋಜ್


17 ಜೂನ್ 1934

ಹೌದು, ಸಿಪ್ರಿಯಾನ್ ಬೆಳಿಗ್ಗೆ ಬರುತ್ತಾನೆ. ಹೌದು, ರೊಟ್ಟಿ ಕೊಡುತ್ತೇನೆ. ಹೌದು, ನಿನ್ನ ಕುಡುಗೋಲೇ.

ಮಿಕ್ಕದ್ದನ್ನು ಅಷ್ಟೆಲ್ಲ ಹೇಳುವ ಆ ಹಕ್ಕಿಯನ್ನೇ ಕೇಳಿಕೋ. ಇಲ್ಲದಿದ್ದರೆ ಗಡ್ಡ ಹೆರೆಯುವವಳನ್ನು ಕೇಳು.

ಅಪೋಲೆನಾ


15 ಜುಲೈ 1934

ಅಪೋಲೆನಾ,

ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಸೋಲುವುದು ನಾನೇ ಆಗಲಿ ಎಂದು ಬರೆಯುತ್ತಿದ್ದೇನೆ.

ಪ್ಲಾಸ್ಟರ್ ಬಿಚ್ಚಿದರು. ಕಾಲು ಸಣಕಲಾಗಿದೆ, ಆದರೆ ಚೆನ್ನಾಗಿದೆ. ಈಗ ನಡೆಯುತ್ತೇನೆ. ಬೆಳಿಗ್ಗೆ ಜೆಲ್ಮೀರಾ ಬಂದು ತೋಳು ಕೊಡುತ್ತಾಳೆ, ಅವಳನ್ನು ಹಿಡಿದು ಕಿಟಕಿಯವರೆಗೆ ಹೋಗಿ ನಿಲ್ಲುತ್ತೇನೆ. ನಿನ್ನೆ ತೋಟದ ಬೆಂಚಿನವರೆಗೂ ಹೋಗಿ ಬಂದೆವು. ಅವಳಿಗೆ ಲ್ಯಾವೆಂಡರ್ ಸೋಪಿನ ವಾಸನೆ.

ಇಲ್ಲಿಯೂ ಒಂದು ಇಲಿಗಿಡುಗವಿದೆ. ಕಿಟಕಿಯ ಎದುರಿನ ದಟ್ಟ ಸ್ಪ್ರೂಸ್ ಮರದಲ್ಲಿ, ಕಂದು ಎದೆಯ ದೊಡ್ಡ ಹಕ್ಕಿ. ಹಾಲಿನ ಗಾಡಿ ಬಂದ ಕೂಡಲೇ ಪೀ...ಯಾವ್ ಎಂದು ಕೂಗುತ್ತದೆ, ತಪ್ಪದೆ. ಅದರ ಹಿಂದೆಯೇ ಮರದಡಿಯಲ್ಲಿ ಅಡುಗೆಮನೆಯ ಬೆಕ್ಕು ಅರಚುತ್ತದೆ, ಹಾಲಿನಾಸೆಗೆ ಇರಬೇಕು. "ನಿಮ್ಮ ಹಕ್ಕಿ ನಿಮ್ಮನ್ನ ಹುಡುಕ್ಕೊಂಡು ಬಂದಿದೆ ನೋಡಿ" ಅನ್ನುತ್ತಾಳೆ ಜೆಲ್ಮೀರಾ. ನಾವಿಬ್ಬರೂ ಕಿಟಕಿಯಲ್ಲಿ ನಿಂತು ಅದನ್ನು ನೋಡುತ್ತೇವೆ.

ಎರಡನೇ ಕೊಯ್ಲಿಗೆ ನಾನು ಮನೆಯಲ್ಲಿರುತ್ತೇನೆ. ಅಲ್ಲಿಯವರೆಗೆ ನನ್ನ ಕುಡುಗೋಲನ್ನು ಯಾರೂ ಮುಟ್ಟಬಾರದು.

ಅಂಬ್ರೋಜ್


22 ಜುಲೈ 1934

ಅಂಬ್ರೋಜ್,

ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಲು ಹೋದೆ. ಲ್ಯಾವೆಂಡರ್ ಸೋಪು. ಇಡೀ ದಿನ ಹಸು, ಕೋಳಿ, ಕೊಡಲಿ ಎಲ್ಲದಕ್ಕೂ ಬೈದೆ. ತೋಳು ಕೊಡುತ್ತಾಳಂತೆ, ಇಬ್ಬರೂ ಕಿಟಕಿಯಲ್ಲಿ ನಿಲ್ಲುತ್ತಾರಂತೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಸಂಜೆ ಬದುವಿನ ಮೇಲೆ ಕೂತು ಮತ್ತೊಮ್ಮೆ ಓದಿದೆ. ಆಗ ಹಕ್ಕಿಯ ಮಾತು ಕಣ್ಣಿಗೆ ಬಿತ್ತು.

ಇಲಿಗಿಡುಗ ದಟ್ಟ ಮರದೊಳಗೆ ಅವಿತು ಕೂತು ಗಾಡಿಯ ಸದ್ದಿಗೆ ಸರಿಯಾಗಿ ಕೂಗುವುದಿಲ್ಲ. ಮೇಲೆ ಸುತ್ತುವಾಗ ಕೂಗುತ್ತದೆ, ಇಲ್ಲವೇ ಗೂಡಿನ ಹತ್ತಿರ ಯಾರಾದರೂ ಸುಳಿದರೆ. ಹಸಿದ ಮರಿಯಾದರೆ ದಿನವಿಡೀ ಕೂಗುತ್ತದೆ, ಒಮ್ಮೆ ಕೂಗಿ ಸುಮ್ಮನಾಗುವುದಿಲ್ಲ. ಜೊತೆಗೆ ಅದೇ ಮರದ ಕಡೆಯಿಂದ ಬೆಕ್ಕಿನ ಅರಚು ಬೇರೆ. ಅದು ಸೋಯ್ಕಾ ಹಕ್ಕಿ, ಅಂಬ್ರೋಜ್. ಕಾಗೆಯ ಬಳಗದ, ರೆಕ್ಕೆಯಂಚು ನೀಲಿಯಿರುವ ಆ ಅಣಕದ ಪಿಶಾಚಿ. ಗಿಡುಗದ ಕೂಗೂ ಅದರದೇ, ಬೆಕ್ಕಿನ ಅರಚೂ ಅದರದೇ. ನಮ್ಮ ಓಕ್ ತೋಪಿನಲ್ಲಿ ನನಗೆ ಅದನ್ನು ತೋರಿಸಿಕೊಟ್ಟವನೇ ನೀನು. ಒಮ್ಮೆ ಕಣ್ಣಾರೆ ಕಂಡಿದ್ದರೆ ಆ ನೀಲಿಯನ್ನು ನೀನು ತಪ್ಪುವವನಲ್ಲ.

ನೀನು ನೋಡಿಲ್ಲ. ಹಾಸಿಗೆಯಲ್ಲೇ ಮಲಗಿ ಕೇಳಿದ್ದೀಯ. ಕಿಟಕಿಯವರೆಗೂ ಹೋಗಿಲ್ಲ, ತೋಟದ ಬೆಂಚು ಇನ್ನೆಲ್ಲಿಯದು.

ಅವಳು ನಿಜಕ್ಕೂ ತೋಳು ಕೊಟ್ಟಿರಲಿ, ನೀನು ಅವಳನ್ನು ಹಿಡಿದು ನಡೆದಿರಲಿ ಎಂದು ಆ ಸಂಜೆ ಬೇಡಿಕೊಂಡೆ. ಅಂಥದನ್ನು ನನ್ನಿಂದ ಬೇಡಿಸಿದೆಯಲ್ಲ.

ಈಗ ನನ್ನ ಸರದಿ. ಸಿಪ್ರಿಯಾನ್ ನಮ್ಮ ಹೊಲದಲ್ಲಿ ಒಂದು ಕಡ್ಡಿಯನ್ನೂ ಕೊಯ್ದಿಲ್ಲ. ಕೊಯ್ದವಳು ನಾನು. ಅವನು ಬದುವಿನ ಮೇಲೆ ನಿಂತು ಕಲಿಸಿದ, ಕಲಿಸಿದ್ದಕ್ಕಿಂತ ನಕ್ಕದ್ದೇ ಹೆಚ್ಚು.

"ಏ ಪೋಲಾ, ಹುಲ್ಲು ಕೊಯ್ಯೇ ತಾಯಿ, ಬೆಟ್ಟ ಕಡೀಬೇಡ."

"ಬಾಯಿ ಮುಚ್ಕೊಂಡು ಹೆಂಗೆ ಅಂತ ಹೇಳು."

"ತೋಳಲ್ಲಿ ಬೀಸಬೇಡ. ಸೊಂಟ ತಿರುಗ್ಸು, ಕಾಲು ಊರು, ಅಲಗು ತಾನೇ ಹೋಗ್ತದೆ."

ನಿನ್ನ ಕುಡುಗೋಲಿನ ಹಿಡಿ ನನಗೆ ಎತ್ತರವಾಗುತ್ತಿತ್ತು. ಅವನಿಂದ ಹಿಡಿಯನ್ನು ಕೆಳಗಿಳಿಸಿ ಬಿಗಿಸಿಕೊಂಡೆ. ಮೊದಮೊದಲು ಭುಜ ಬಿದ್ದುಹೋಗುತ್ತಿತ್ತು. ಈಗ ಇಬ್ಬನಿಯಲ್ಲಿ ಒಂದು ಪಟ್ಟೆ ನೆಟ್ಟಗೆ ಹೋಗುತ್ತದೆ, ನಾನು ಹಿಂತಿರುಗುವಷ್ಟರಲ್ಲಿ ಗಿಡುಗ ಕಂಬದಿಂದ ಇಳಿದು ಆ ಪಟ್ಟೆಯಲ್ಲಿ ಕೋಳಿಯಂತೆ ನಡೆದಾಡುತ್ತಿರುತ್ತದೆ. ಹೇಳಲಿಲ್ಲ, ಯಾಕೆಂದರೆ ನಿನ್ನ ಕುಡುಗೋಲು, ನಿನ್ನ ಜಂಬ. ನೀನು ಬಂದ ಮೇಲೆ ಹಿಡಿಯನ್ನು ಮೇಲೇರಿಸಿ ಗೂಟಕ್ಕೆ ಹಾಕಿ ಸುಮ್ಮನಿರೋಣ ಎಂದಿದ್ದೆ.

ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಸಿಪ್ರಿಯಾನ್ "ಆ ವರ್ಷ ನನ್ನ ಮೇ ಕಂಬ ಎತ್ತರ ಇತ್ತು ಕಣೇ" ಅಂದ. "ಇತ್ತು, ಅದಕ್ಕೇ ಬೆಳಗಾಗೋ ಹೊತ್ತಿಗೆ ಗಾಳಿಗೆ ಬಿದ್ದಿತ್ತು" ಅಂದೆ. ಆಮೇಲೆ ಅವನು ಆ ಮಾತು ಎತ್ತಿಲ್ಲ.

ನಿನ್ನ ಕಾಲಿಗೆ ಏನಾಗಿದೆ, ಬರೆ.

ನಿನ್ನ
ಪೋಲಾ


1 ಆಗಸ್ಟ್ 1934

ಪೋಲಾ,

ಮೂಳೆ ಗಿಡ್ಡವಾಗಿ ಕೂಡಿಕೊಂಡಿದೆ. ಸೊಂಟದ ಕೀಲು ಬಿಗಿದುಕೊಂಡಿದೆ, ತಿರುಗುವುದಿಲ್ಲ. ಊರುಗೋಲು ಹಿಡಿದು ಅಷ್ಟಿಷ್ಟು ನಡೆಯಬಹುದು, ಅದೂ ಮುಂದಿನ ದಿನಗಳಲ್ಲಿ. ಕುಡುಗೋಲು ಬೀಸುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಜೆಲ್ಮೀರಾಗೆ ಐವತ್ತು ದಾಟಿದೆ, ಮೀಸೆಯಿದೆ. ಸೋಪಿನ ವಾಸನೆ ಮಾತ್ರ ನಿಜ.

ನೀನು ಸಿಪ್ರಿಯಾನನ ಜೊತೆ ಸೇರಿಕೊಂಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೈ ಸರಿಹೋದ ಮೇಲೆ ಬಂದು ಅವನನ್ನು ಬಡಿಯಬಹುದಿತ್ತು. ನಿನ್ನನ್ನು ಏನು ಮಾಡಲಿ? ಈಗ ನನಗೆ ಹೊಟ್ಟೆಕಿಚ್ಚು ನಿನ್ನ ಮೇಲೆಯೇ. ಇಬ್ಬನಿಯಲ್ಲಿ ನೆಟ್ಟಗೆ ಹೋಗುವ ಪಟ್ಟೆಯ ಮೇಲೆ, ನಿನ್ನ ಭುಜದ ಮೇಲೆ, ನಿನ್ನ ಹಿಂದೆ ಕೋಳಿಯಂತೆ ನಡೆಯುವ ಆ ಹಕ್ಕಿಯ ಮೇಲೆ. ಅದು ನನ್ನ ಹಿಂದೆ ನಡೆಯುತ್ತಿತ್ತು.

ನಾನು ಬರುವುದಿಲ್ಲ. ಪಟ್ಟಣದಲ್ಲಿ ನನ್ನ ತಂಗಿಯ ಮನೆಯಿದೆ, ಅವಳ ಗಂಡ ಬುಟ್ಟಿ ಹೆಣೆಯುವುದನ್ನು ಕಲಿಸುತ್ತೇನೆ ಎಂದಿದ್ದಾನೆ. ಹೆಂಡತಿ ಕೊಯ್ಯುವುದನ್ನು ಬಾಗಿಲಲ್ಲಿ ಕೂತು ನೋಡುವುದು ನನ್ನಿಂದ ಆಗದು.

ಹಿಡಿಯನ್ನು ಮೇಲೇರಿಸಬೇಡ. ನಿನ್ನ ಎತ್ತರಕ್ಕೇ ಇರಲಿ.

ಅಂಬ್ರೋಜ್


12 ಆಗಸ್ಟ್ 1934

ಅಂಬ್ರೋಜ್,

ಬುಟ್ಟಿ ಹೆಣೆಯುತ್ತೀಯಂತೆ. ಹೆಣೆ. ನಾನು ಅಳುವುದೆಲ್ಲ ಅತ್ತಾಯಿತು, ಈಗ ಊರಿನ ಸುದ್ದಿ ಕೇಳು.

ಮರಿಗಳು ಹಾರಿವೆ. ಮೂರು. ಮೂರೂ ನಮ್ಮ ಕಂಬಗಳ ಮೇಲೆ ಒಂದೊಂದಾಗಿ ಕೂತು ಹೊಟ್ಟೆಗಿಲ್ಲದವರಂತೆ ಕಿರುಚುತ್ತವೆ, ಕತ್ತರಿಸಿದ ನೆಲಕ್ಕಿಳಿದು ಮಿಡತೆಯ ಹಿಂದೆ ಓಡಿ ಮುಗ್ಗರಿಸುತ್ತವೆ. ನಿನ್ನ ಮೈಗಳ್ಳ ಗಂಡು ಹಗಲೆಲ್ಲ ಕೂತೇ ಮೂವರನ್ನು ಸಾಕಿತು. ಪಂತ ಸೋತಿದ್ದೀಯ. ನಾನು ಬಾಟಲಿ ಒಯ್ದರೆ ಸಿಪ್ರಿಯಾನ್ ಮುಟ್ಟಲಿಲ್ಲ. "ಸೋತವನು ತಂದು ಕೊಟ್ರೆ ಮಾತ್ರ ರುಚಿ" ಅಂದ.

ಎರಡನೇ ಕೊಯ್ಲಿಗೆ ಕ್ಲೋವರ್ ಹೂ ಬಿಟ್ಟಿದೆ. ನಾನು ಬೀಸಲು ಕಲಿತೆ, ಅಲಗು ಹಣಿಯಲು ಕಲಿಯಲಿಲ್ಲ. ಒಮ್ಮೆ ಪ್ರಯತ್ನಿಸಿದೆ, ಅಂಚು ಒಣಗಿದ ಎಲೆಯ ಹಾಗೆ ಸುಕ್ಕುಗಟ್ಟಿತು. ನೀನು ಬೆಂಚಿನ ಮೇಲೆ ಕೂತು ಅದಕ್ಕೆ ಬಡಿದ ಕಬ್ಬಿಣದ ಅಡಿಗಲ್ಲಿನ ಮೇಲೆ ಅಲಗನ್ನು ಜಾರಿಸುತ್ತಾ ತಟ್ಟುತ್ತಿದ್ದ ಹಾಗೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಅದಕ್ಕೇ ನಿನ್ನ ಕುಡುಗೋಲನ್ನು ಸಿಪ್ರಿಯಾನನ ಅಂಗಳಕ್ಕೆ ಕೊಟ್ಟೆ. ಸಂಜೆ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಣಿಯುತ್ತಾನೆ. ಪೆಟ್ಟು ಒಂದು ಗಟ್ಟಿ, ಒಂದು ಮೆತ್ತಗೆ, ಅವನ ಸುತ್ತಿಗೆ ಎಲ್ಲರಿಗೂ ಗೊತ್ತು. ನಿನ್ನ ಅಲಗಿನ ದನಿಯೂ ಎಲ್ಲರಿಗೂ ಗೊತ್ತು. ಇಡೀ ಊರು ಹೊಸ್ತಿಲಲ್ಲಿ ಕೂತು ಕೇಳುತ್ತದೆ. ಪಾದ್ರಿಗಳು ನನ್ನನ್ನು ನೋಡಿ ಟೋಪಿ ಕೆಳಗೆಳೆದುಕೊಂಡು ಹೋದರು.

ಕೂತು ಮಾಡುವ ಕೆಲಸ. ಅವನು ಬೇಡವೆನ್ನಲಿಲ್ಲ. ಇನ್ನು ಪ್ರತಿ ಬೇಸಿಗೆಯೂ ಮಾಡಿಕೊಡುತ್ತಾನಂತೆ.

ಪೋಲಾ


16 ಆಗಸ್ಟ್ 1934

ಪೋಲಾ,

ಈ ಕಾಗದ ಕೈಸೇರಿದ ಗಳಿಗೆಯಲ್ಲೇ ಹೋಗಿ ಕುಡುಗೋಲನ್ನು ಅವನ ಅಂಗಳದಿಂದ ತಾ. ಅವನು ಹಣಿದದ್ದು ಹಾಳಾಗಿರುತ್ತದೆ, ಎಲ್ಲ ಮೊದಲಿನಿಂದ ತಟ್ಟಬೇಕು.

ಶನಿವಾರ ಹಾಲಿನ ಗಾಡಿಯವನ ಜೊತೆ ಬರುತ್ತಿದ್ದೇನೆ. ಹಣಿಯುವ ಬೆಂಚನ್ನು ಅಂಗಳಕ್ಕೆ, ಹೊಲ ಕಾಣುವ ಕಡೆಗೆ ಎಳೆದಿಡು. ಅದರ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸು, ನನ್ನ ಎಡಗಾಲು ಮಡಚುವುದಿಲ್ಲ.

ಹಕ್ಕಿ ಯಾರ ಕಂಬದ ಮೇಲಾದರೂ ಕೂರಲಿ.

ನಿನ್ನ
ಅಂಬ್ರೋಜ್